ಬಡಿಸದ ಕೈ

ನಮ್ಮ ತವರಿನಲ್ಲಿ ಊಟಕ್ಕೆ ಕೂತವರಿಗೆ ಯಾರೂ ಬಡಿಸುವುದಿಲ್ಲ. ಅನ್ನದ ತಪ್ಪಲೆ, ಮೀನುಸಾರಿನ ಗಡಿಗೆ, ಹುರಿದ ಬಂಗಡೆಯ ತಟ್ಟೆ ಎಲ್ಲವೂ ನಡುಮನೆಯ ನೆಲಕ್ಕೆ ಬರುತ್ತವೆ, ಒಂದೊಂದಕ್ಕೂ ಒಂದೊಂದು ಸೌಟು. ಬೇಕಾದವರು ಬೇಕಾದಷ್ಟು ಹಾಕಿಕೊಂಡು ಉಣ್ಣಬೇಕು. ಆಯಿ, ಅಂದರೆ ನನ್ನ ಅಮ್ಮ, ಅಡುಗೆಮನೆಯ ಹೊಸಿಲಿನ ಆಚೆ ಗೋಡೆಗೆ ಒರಗಿ ನಿಂತಿರುತ್ತಾಳೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಮೊದಲ ಸಲ ಅತ್ತೆಮನೆಯ ಊಟಕ್ಕೆ ಬಂದಾಗ ಬಟ್ಟಲಿನ ಮುಂದೆ ಕೈಕಟ್ಟಿ ಕೂತದ್ದೇ ಕೂತದ್ದು. ಯಾರಾದರೂ ಬಂದು ಬಡಿಸುತ್ತಾರೆ ಎಂದು ಅವರು ಕಾದರು, ಅಳಿಯ ಮೊದಲು ಹಾಕಿಕೊಳ್ಳಲಿ ಎಂದು ನಮ್ಮವರು ಕಾದರು, ಸಾರು ಆರಿ ಕೆನೆಗಟ್ಟಿತು. ಕಡೆಗೆ ಅಪ್ಪ ಗಂಟಲು ಸರಿಮಾಡಿಕೊಂಡು, ನಮ್ಮಲ್ಲಿ ಹೀಗೇ, ನಾಚಿಕೊಳ್ಳಬೇಡಿ ಎಂದ. ಆಮೇಲೆ ಪೇಟೆಯ ಮದುವೆಗಳಲ್ಲಿ ಬಫೆ ಊಟ ಬಂತು, ನಮ್ಮ ಮನೆಯವರು ಎಲ್ಲರಿಗಿಂತ ಮೊದಲೇ ಸುಧಾರಿಸಿದವರು ಎಂಬ ಹೆಸರೂ ಬಂತು. ಯಾರಾದರೂ ಕೇಳಿದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಯಾಕೆ ಹೀಗೆ ಎಂದು ಹೇಳುವುದಿದ್ದರೆ ಲಲಿತತ್ತೆಯ ಮುಖದಿಂದ ಶುರುಮಾಡಬೇಕಿತ್ತು. ಅವಳು ಇರುವವರೆಗೆ ಅದು ಆಗದ ಮಾತಾಗಿತ್ತು.

ಮಾವಳ್ಳಿಯ ಕಡಲಬದಿಯ ಕೇರಿಯಲ್ಲಿ ನಮ್ಮ ಮನೆ. ಮುಂದೆ ಜಗಲಿ, ಜಗಲಿಯಾಚೆ ಮರಳು, ಮರಳಿನಾಚೆ ದೋಣಿಗಳು. ಒಳಗೆ ನಡುಮನೆ, ಅದರ ಬಲಕ್ಕೆ ಅಡುಗೆಮನೆ, ಎಡಕ್ಕೆ ಬಲೆ, ಹಗ್ಗ, ಉಪ್ಪಿನ ಚೀಲ ತುಂಬಿದ ಒಂದು ಕತ್ತಲೆ ಕೋಣೆ. ಆ ಕೋಣೆಯ ಒಂದೇ ಕಿಟಕಿಯ ಕೆಳಗೆ ಲಲಿತತ್ತೆಯ ಚಾಪೆ. ಮನೆಗೆಲ್ಲ ಇದ್ದದ್ದು ಒಂದೇ ಕನ್ನಡಿ, ಜಗಲಿಯ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ್ದು. ಅಪ್ಪ ಗಡ್ಡ ಕೆರೆದು ಪಟಿಕದ ಕಲ್ಲು ತಿಕ್ಕಿಕೊಳ್ಳುವುದು ಅದರ ಮುಂದೆ, ಆಯಿ ಕುಂಕುಮ ಇಡುವುದು ಅದರ ಮುಂದೆ, ನನ್ನ ಕಣ್ಣಿಗೆ ಹರಳೆಣ್ಣೆ ದೀಪದ ಕಾಡಿಗೆ ತೀಡುವುದೂ ಅದರ ಮುಂದೆ. ತಲೆಗೆ ದಾಸವಾಳದ ಸೊಪ್ಪು ಕಿವುಚಿದ ಲೋಳೆ, ಮೈಗೆ ಕಡಲೆಹಿಟ್ಟು, ಮೀನು ಹೆಚ್ಚಿದ ಕೈಗೆ ರಸ ಹಿಂಡಿದ ಹುಣಸೆಹಣ್ಣಿನ ಸಿಪ್ಪೆ. ಸಾಬೂನು ಇತ್ತು, ಆದರೆ ಅಜ್ಜಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಕಡಲಿನವರ ಮೈಯಲ್ಲಿ ಒಂದು ಉಪ್ಪು ಇರುತ್ತದೆ, ಸಾಬೂನು ಅದನ್ನು ಕದಿಯುತ್ತದೆ, ಉಪ್ಪು ಹೋದ ಮೈಗೂ ಉಪ್ಪು ಹಾಕದ ಮೀನಿಗೂ ವ್ಯತ್ಯಾಸ ಇಲ್ಲ ಎನ್ನುವುದು ಅವಳ ವಾದ. ನಾನು ಮಾತು ಕಲಿತದ್ದು ಇಂಥ ವಾದಗಳ ನಡುವೆ. ಇದು ನಿಜವೋ ಸುಳ್ಳೋ ಎಂದು ಕೇಳುವ ಬುದ್ಧಿ ಆಗ ಬಂದಿರಲಿಲ್ಲ, ಕೇಳಲು ರುಚಿಯಾಗಿತ್ತು ಅಷ್ಟೆ.

ಅಪ್ಪನ ತಂಗಿ ಲಲಿತತ್ತೆ ಕಪ್ಪು. ಬೆಳಗಿನಿಂದ ಮರಳ ಮೇಲೆ ತಾರ್ಲೆ ಮೀನು ಒಣಗಲು ಹರಡಿ, ಕಾಗೆ ಓಡಿಸಿ, ಮಗುಚಿ, ಬಿಸಿಲು ಇಳಿಯುವ ಹೊತ್ತಿಗೆ ಬಾಚಿ ತುಂಬುವವಳು ಬೇರೆ ಯಾವ ಬಣ್ಣದಲ್ಲಿ ಇರಲು ಸಾಧ್ಯ? ಅವಳಿಗೂ ಆಯಿಗೂ ಅತ್ತಿಗೆ ನಾದಿನಿ ಎಂಬ ಲೆಕ್ಕ ಹೆಸರಿಗೆ ಮಾತ್ರ. ಭಾನುವಾರ ಹಿತ್ತಲ ಬಾವಿಕಟ್ಟೆಯಲ್ಲಿ ಇಬ್ಬರೂ ಒಬ್ಬರ ತಲೆಗೆ ಒಬ್ಬರು ಎಣ್ಣೆ ತಿಕ್ಕುತ್ತಾ ಕೇರಿಯ ಅಷ್ಟೂ ಗಂಡಸರ ನಡಿಗೆಯನ್ನು ಅಣಕಿಸಿ ನಗುತ್ತಿದ್ದರು. ಆಯಿಯ ಕೈಗುಣ ಆಗ ಊರಿಗೆ ಗೊತ್ತು. ಕೇರಿಯಲ್ಲಿ ಯಾರ ಮನೆಯ ಕಾರ್ಯವಾದರೂ ಅನ್ನ ಬಡಿಸಲು ಆಯಿಯನ್ನು ಕರೆಯುತ್ತಿದ್ದರು. ಪಾರ್ವತಿ ಸೌಟು ಹಿಡಿದರೆ ಅನ್ನ ಸಾಲದೆ ಹೋಗುವುದಿಲ್ಲ, ಉಂಡವರಿಗೆ ಹೊಟ್ಟೆ ಕೆಡುವುದಿಲ್ಲ ಎಂಬ ಮಾತಿತ್ತು. ಅವಳು ಬಡಿಸುವಾಗ ಬಟ್ಟಲಿನ ಕಡೆ ನೋಡುತ್ತಿರಲಿಲ್ಲ, ಉಣ್ಣುವವರ ಮುಖ ನೋಡುತ್ತಿದ್ದಳು. ಇನ್ನೊಂದು ತುತ್ತು ಬೇಕು ಎಂಬುದು ನನಗೆ ಗೊತ್ತಾಗುವ ಮೊದಲೇ ಬಟ್ಟಲಿನಲ್ಲಿ ಇರುತ್ತಿತ್ತು.

ಅತ್ತೆಯನ್ನು ನೋಡಲು ಬಂದ ಮೊದಲಿನವರು, ಹುಡುಗಿ ಒಳ್ಳೆಯವಳು ಎಂದು ಹೇಳಿ ಹೋದರು. ಆಮೇಲೆ ಬಂದವರೂ ಹುಡುಗಿ ಒಳ್ಳೆಯವಳು ಎಂದೇ ಹೇಳಿದರು. ಬಣ್ಣದ ಮಾತನ್ನು ಬಾಯಿಬಿಟ್ಟು ಆಡದೆ ಇರುವುದೇ ನಮ್ಮ ಕಡೆಯ ದೊಡ್ಡಸ್ತಿಕೆ. ಒಂದು ದಿನ ಅತ್ತೆ ಹೊನ್ನಾವರದ ಫ್ಯಾನ್ಸಿ ಅಂಗಡಿಯೊಂದರಿಂದ ಒಂದು ಡಬ್ಬಿ ತಂದಳು. ಬಿಳಿ ಡಬ್ಬಿ, ಬಂಗಾರದ ಬಣ್ಣದ ಮುಚ್ಚಳ, ಮುಚ್ಚಳದ ಮೇಲೆ ಅರ್ಧಚಂದ್ರ. ಮೈಮೇಲೆ ಬರೆದಿದ್ದ ಅಕ್ಷರ ಯಾವ ದೇಶದ್ದೋ ನಮಗೆ ತಿಳಿಯಲಿಲ್ಲ, ಪರದೇಶದ್ದು ಎಂದರೆ ಮುಗಿಯಿತು, ಒಳ್ಳೆಯದೇ ಇರಬೇಕು. ನಾವು ಅದಕ್ಕೆ ಚಂದ್ರನ ಡಬ್ಬಿ ಎಂದು ಹೆಸರಿಟ್ಟೆವು. ಬಿಸಿಲಿಗೆ ಇಡಬಾರದು ಎಂದು ಅಂಗಡಿಯವ ಹೇಳಿದ್ದರಿಂದ ಅದು ಕತ್ತಲೆ ಕೋಣೆಯ ಕಿಟಕಿಯ ಕೆಳಗಿನ ಗೂಡಿನಲ್ಲಿ ಕೂತಿತು. ತೆರೆದರೆ ಮುತ್ತಿನ ಹೊಳಪಿನ ಮುಲಾಮು, ಮಲ್ಲಿಗೆಯ ವಾಸನೆ. ಉಪ್ಪುಮೀನಿನ ವಾಸನೆಯ ಆ ಕೋಣೆಯಲ್ಲಿ ನಾನು ಅದನ್ನು ಮೂಸಲೆಂದೇ ಹೋಗಿ ಬೈಸಿಕೊಂಡದ್ದಿದೆ.

ಡಬ್ಬಿ ತನ್ನ ಕೆಲಸ ಮಾಡಿತು. ಅದನ್ನು ಸುಳ್ಳು ಎನ್ನುವ ಹಾಗಿಲ್ಲ. ಮೊದಲು ಅತ್ತೆಯ ಕೆನ್ನೆ ತಿಳಿಯಾಯಿತು, ಆಮೇಲೆ ಹಣೆ, ಆಮೇಲೆ ಇಡೀ ಮುಖವೇ ಬೇರೆಯವರದ್ದು ಎನ್ನುವಷ್ಟು ಬೆಳ್ಳಗಾಯಿತು. ಕುತ್ತಿಗೆಯ ಕೆಳಗೆ ನಮ್ಮ ಲಲಿತತ್ತೆ, ಮೇಲೆ ಯಾರೋ ಪೇಟೆಯ ಹೆಂಗಸು. ಸಾಬೂನನ್ನೇ ನಂಬದ ಅಜ್ಜಿ ಈಗ ಮೀನಿನ ಬುಟ್ಟಿ ಹೊತ್ತು ಹೋದಲ್ಲೆಲ್ಲ, ನನ್ನ ಮಗಳ ಬಣ್ಣ ಒಳಗೇ ಇತ್ತು, ಉಪ್ಪುಗಾಳಿ ಮುಚ್ಚಿಟ್ಟಿತ್ತು ಎಂದು ಹೇಳಿಕೊಂಡು ಬಂದಳು. ಕುಮಟೆಯಿಂದ ಒಂದು ಸಂಬಂಧ ಬಂತು. ಹುಡುಗ ಸ್ವಂತ ದೋಣಿಯವನು. ಅದೇ ಹುಡುಗನ ಕಡೆಯವರು ಸ್ವಲ್ಪ ಮೊದಲು ಆಯಿಯ ತಂಗಿಯನ್ನು, ಅಂದರೆ ನನ್ನ ಚಿಕ್ಕಿಯನ್ನು ನೋಡಿ ಬೇಡ ಎಂದು ಹೋಗಿದ್ದರು. ಅವರು ಅತ್ತೆಯನ್ನು ಒಪ್ಪಿದರು. ಆ ದಿನ ಬಂದವರಿಗೆಲ್ಲ ಬಡಿಸಿದವಳು ಆಯಿಯೇ. ಆಯಿಗೆ ಒಳಗೊಳಗೇ ಬೇಜಾರಾಗಿರಬಹುದು, ತಂಗಿಯಲ್ಲವೇ, ಆದರೆ ಬಾವಿಕಟ್ಟೆಯಲ್ಲಿ ಅತ್ತೆಯ ಬೆನ್ನಿಗೆ ಗುದ್ದಿ, ಇನ್ನು ನನ್ನ ತಲೆಗೆ ಎಣ್ಣೆ ಹಾಕುವವರು ಯಾರೇ ಎಂದು ಕೇಳಿದ್ದು ನನಗೆ ನೆನಪಿದೆ.

ಬಾವು ಮೊದಲು ಕಾಣಿಸಿದ್ದು ಕಣ್ಣಿನ ರೆಪ್ಪೆಗೆ. ಬೆಳಿಗ್ಗೆ ಎದ್ದರೆ ಅತ್ತೆಯ ಕಣ್ಣು ಅತ್ತವರ ಕಣ್ಣಿನ ಹಾಗೆ ಊದಿರುತ್ತಿತ್ತು, ಮದುವೆ ಹತ್ತಿರ ಬಂದ ಹುಡುಗಿ ಅಳದೆ ಇರುತ್ತಾಳೆಯೇ ಎಂದು ಕೇರಿಯ ಹೆಂಗಸರು ನಕ್ಕರು. ಆಮೇಲೆ ಕಾಲು ಊದಿತು, ಬೆಳ್ಳಿಯ ಗೆಜ್ಜೆ ಚರ್ಮದೊಳಗೆ ಹೂತು, ಅಪ್ಪ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಒಂದಕ್ಕೆ ಹೋದರೆ ಬಚ್ಚಲಲ್ಲಿ ನೊರೆನೊರೆಯಾಗಿ ನಿಲ್ಲುತ್ತದೆ ಎಂದು ಅವಳು ಆಯಿಗೆ ಮಾತ್ರ ಹೇಳಿದಳು. ಬೆರಳುಗಳೂ ಊದಿ ಮಡಚಲು ಬಾರದೆ ಹೋದಾಗ ಅವಳಿಗಿದ್ದದ್ದು ಒಂದೇ ಚಿಂತೆ. ಹಚ್ಚುವುದು ತಪ್ಪಿದರೆ ಮುಖ ಮೊದಲಿಗಿಂತ ಕಪ್ಪಾಗುತ್ತದೆ ಎಂದು ಅಂಗಡಿಯವ ಹೆದರಿಸಿದ್ದ. ಮದುವೆಗೆ ಮೊದಲು ಕುಮಟೆಯವರು ಇನ್ನೊಮ್ಮೆ ಬರುವವರಿದ್ದರು. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆಯಿಯೇ ಅವಳ ಚಾಪೆಯ ಬದಿ ಕೂತು, ಉಂಗುರ ಬೆರಳಿನಲ್ಲಿ ಮುಲಾಮು ತೆಗೆದು, ಊದಿದ ಆ ಮುಖಕ್ಕೆ ನೋವಾಗದ ಹಾಗೆ ಹಚ್ಚುತ್ತಿದ್ದಳು. ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚುತ್ತಿದ್ದಳು.

ಕಡೆಗೆ ಅಜ್ಜಿ, ಆಯಿ, ಅತ್ತೆ ಮತ್ತು ಬಿಡದೆ ಹಿಂದೆ ಬಿದ್ದ ನಾನು, ಹೊನ್ನಾವರದ ಒಬ್ಬ ಡಾಕ್ಟರರ ಹತ್ತಿರ ಹೋದೆವು. ಇಲ್ಲಿ ಒಂದು ಮಾತು ಹೇಳಬೇಕು. ಹೊಟ್ಟೆಗೆ ತೆಗೆದುಕೊಳ್ಳುವ ಗುಳಿಗೆ, ಕಷಾಯ, ತಿಕ್ಕುವ ಎಣ್ಣೆ ಎಲ್ಲಕ್ಕೂ ನಮ್ಮ ಅಜ್ಜಿ ಔಷ್ದಿ ಎನ್ನುತ್ತಿದ್ದಳು. ಮದ್ದು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಮದ್ದು ಎಂದರೆ ಆಗದವರು ಅನ್ನದಲ್ಲೋ ಹಾಲಿನಲ್ಲೋ ಕಲಸಿ ಗುಟ್ಟಾಗಿ ತಿನ್ನಿಸುವುದು, ಒಳಗೆ ಹೋಗಿ ಕರುಳಿಗೆ ಅಂಟಿಕೊಂಡು ಮನುಷ್ಯನನ್ನು ದಿನದಿನವೂ ತಿನ್ನುವುದು. ಆ ಡಾಕ್ಟರು ತೆಂಕಣ ಸೀಮೆಯವರು, ಮಂಗಳೂರಿನ ಕಡೆಯ ಮಾತು. ಅವರಲ್ಲಿ ಎಲ್ಲ ಔಷಧಿಯೂ ಮದ್ದೇ. ಅವರು ಅತ್ತೆಯ ಕಾಲನ್ನು ಒತ್ತಿ ನೋಡಿದರು, ಒತ್ತಿದ ಗುಳಿ ಹಾಗೇ ನಿಂತಿತು. ಮೂತ್ರ ಪರೀಕ್ಷೆ ಮಾಡಿಸಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ ಕೇಳಿದರು.

“ನಿಜ ಹೇಳಿ ಅಮ್ಮ. ಮನೆಯಲ್ಲಿ ಯಾರಾದರೂ ಇವರಿಗೆ ಮದ್ದು ಕೊಟ್ಟಿದ್ದಾರಾ? ಮದ್ದಿನಿಂದಲೇ ಹೀಗಾಗುವುದುಂಟು.”

ಅಜ್ಜಿಯ ಕೈಯಲ್ಲಿದ್ದ ಸೆರಗಿನ ತುದಿ ಜಾರಿತು. ಅವರು ಕೇಳಿದ್ದು ನಾಟಿ ಔಷಧಿಯ ಬಗ್ಗೆ, ಅಂಗಡಿಯಿಂದ ತಂದು ನುಂಗಿದ ಗುಳಿಗೆಯ ಬಗ್ಗೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜಿಗೆ ಕೇಳಿಸಿದ್ದು ಬೇರೆ. ಇಂಗ್ಲಿಷ್ ಕಲಿತ ಡಾಕ್ಟರೇ ಮದ್ದು ಎಂದ ಮೇಲೆ ಇನ್ನು ಸಂಶಯ ಎಲ್ಲಿ? ಕಿಡ್ನಿಗೆ ಪೆಟ್ಟಾಗಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅವರು ಆಮೇಲೆ ಹೇಳಿದ ಮಾತು ಅಜ್ಜಿಯ ಕಿವಿಗೆ ಬೀಳಲೇ ಇಲ್ಲ, ಆಯಿ ನೆನಪಿಸಿದರೂ ಬೀಳಲಿಲ್ಲ. ಬಸ್ಸಿನಲ್ಲಿ ಬರುವಾಗ ಅಜ್ಜಿ ಅತ್ತೆಯನ್ನು ತನ್ನ ಮಗ್ಗುಲಿಗೆ ಎಳೆದು ಕೂರಿಸಿಕೊಂಡಳು. ಆಯಿ ಕೂರಲು ಹೋದ ಜಾಗದಲ್ಲಿ ಬುಟ್ಟಿ ಇಟ್ಟಳು. ಆಯಿ ಕಂಬ ಹಿಡಿದು ನಿಂತೇ ಬಂದಳು.

ಮನೆಯಲ್ಲಿ ಬಡಿಸುವವಳು ಒಬ್ಬಳೇ. ಕುಮಟೆಯವರು ಬೇಡ ಎಂದು ಬಿಟ್ಟುಹೋದದ್ದು ಅವಳ ತಂಗಿಯನ್ನೇ. ಇಷ್ಟು ಸಾಕಿತ್ತು. ಅದರ ಮೇಲೆ ಅಜ್ಜಿಯ ಕಣ್ಣಿಗೆ ಆಯಿಯ ಉಂಗುರ ಬಿತ್ತು. ಮದುವೆಯಲ್ಲಿ ಅಪ್ಪ ತೊಡಿಸಿದ ಬಂಗಾರದ ಉಂಗುರ, ಎಂದೂ ಬೆರಳಿನಿಂದ ತೆಗೆಯದ್ದು. ಅದು ಬಣ್ಣ ಕಳೆದುಕೊಂಡು ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗಲಿಲ್ಲ. ಮದ್ದು ಕಲಸಿದ ಕೈಯಲ್ಲಿ ಬಂಗಾರ ನಿಲ್ಲುವುದಿಲ್ಲ ಎಂದು ಪಕ್ಕದ ಮನೆಯ ಮುದುಕಿ ಹೇಳಿದಳು. ಹಿಂದೆ ಯಾರಾದರೂ ಹಾಗೆ ಹೇಳಿದ್ದಿತ್ತೋ ಅಥವಾ ಆ ಉಂಗುರ ನೋಡಿಯೇ ಅವಳಿಗೆ ಹೊಳೆಯಿತೋ ಗೊತ್ತಿಲ್ಲ, ಸಂಜೆಯ ಹೊತ್ತಿಗೆ ಅದು ಹಿರಿಯರ ಕಾಲದ ಗಾದೆಯಾಗಿ ಕೇರಿ ಸುತ್ತಿತು.

ಮರುದಿನದ ಊಟ ನನ್ನ ಕಣ್ಣಿನ ಮುಂದಿದೆ. ಆಯಿ ಅತ್ತೆಗೆ ಗಂಜಿ ಬಡಿಸಿ ಎದ್ದಳು. ಅಜ್ಜಿ ಆ ಬಟ್ಟಲನ್ನು ಆಯಿಯ ಕಡೆಗೆ ದೂಡಿದಳು.

“ಮೊದ್ಲು ನೀ ಉಣ್ಣು.”

ಆಯಿಗೆ ಅರ್ಥವಾಗಲಿಲ್ಲ. ತಾನು ಆಮೇಲೆ ಉಣ್ಣುತ್ತೇನೆ ಎಂದಳು.

“ಆಮೇಲಲ್ಲ. ಈ ಬಟ್ಲಿಂದ. ಎಲ್ರ ಎದ್ರಿಗೆ.”

ಆಯಿ ಅಪ್ಪನ ಕಡೆ ನೋಡಿದಳು. ಅಪ್ಪ ತನ್ನ ಬಟ್ಟಲಿನಲ್ಲಿದ್ದ ಮೀನಿನ ಮುಳ್ಳು ಬಿಡಿಸುತ್ತಿದ್ದ. ಬಿರುಗಾಳಿಗೆ ದೋಣಿ ಇಳಿಸಿದವನು, ಆ ಮುಳ್ಳಿನಿಂದ ತಲೆ ಎತ್ತಲಿಲ್ಲ. ಆಯಿ ಲಲಿತತ್ತೆಯ ಕಡೆ ನೋಡಿದಳು. ಅತ್ತೆ ತನ್ನ ಊದಿದ ಕೈಗಳನ್ನು ನೋಡಿಕೊಂಡಳು. ಆಗ ಆಯಿ ಒಂದು ಚಮಚ ಗಂಜಿ ತನ್ನ ಬಾಯಿಗೆ ಹಾಕಿಕೊಂಡಳು.

“ಬಾಯಿ ತೆಗೆದು ತೋರ್ಸು. ನುಂಗಿದ್ದು ಕಾಣ್ಬೇಕು.”

ಆಯಿ ಬಾಯಿ ತೆರೆದು ತೋರಿಸಿದಳು. ಅಂದಿನಿಂದ ಪ್ರತಿ ಊಟಕ್ಕೂ ಹೀಗೆಯೇ ಆಯಿತು. ಕೆಲವು ದಿನ ಕಳೆದ ಮೇಲೆ ಅಜ್ಜಿ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಆಯಿ ಬಡಿಸುವಳು, ಒಂದು ಚಮಚ ತಾನು ಉಣ್ಣುವಳು, ಬಾಯಿ ತೆರೆದು ತೋರಿಸುವಳು, ಅಡುಗೆಮನೆಗೆ ಹೋಗುವಳು. ಮುಲಾಮು ಹಚ್ಚುವುದು ಮಾತ್ರ ಯಾರೂ ತಡೆಯಲಿಲ್ಲ. ಮುಖಕ್ಕೆ ಹಚ್ಚುವುದಕ್ಕೂ ಹೊಟ್ಟೆಗೂ ಏನು ಸಂಬಂಧ? ಅದೂ ಚಂದಕ್ಕೆ ಹಚ್ಚುವುದು. ಊಟ ಮುಗಿದ ಮೇಲೆ ಅದೇ ಆಯಿ, ಅದೇ ಕೈಯಿಂದ, ಅದೇ ಅತ್ತೆಯ ಮುಖಕ್ಕೆ ಚಂದ್ರನ ಡಬ್ಬಿಯಿಂದ ತೆಗೆದು ಹಚ್ಚುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಅವಳು ಆಯಿಯ ಮೇಲೆ ಸಂಶಯಪಟ್ಟಳೇ? ಅದು ಆಯಿಗೂ ಗೊತ್ತಾಗಲಿಲ್ಲ. ಹೌದು ಎಂದೂ ಅಲ್ಲ ಎಂದೂ ಹೇಳದೆ ಅತ್ತೆ ಮಲಗಿದ್ದಳು, ಆ ಮೌನದ ಮೇಲೆ ಎಲ್ಲರೂ ತಮಗೆ ಬೇಕಾದ್ದನ್ನು ಕಟ್ಟಿಕೊಂಡರು.

ಮದ್ದಿಗೆ ಡಾಕ್ಟರ ಹತ್ತಿರ ಔಷ್ದಿ ಇಲ್ಲ ಎಂದು ಅಜ್ಜಿ ಅತ್ತೆಯನ್ನು ಮದ್ದು ತೆಗೆಸುವವನ ಬಳಿಗೆ ಕರೆದುಕೊಂಡು ಹೋದಳು. ಅವನು ಏನೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದ. ವಾಂತಿಯಲ್ಲಿ ಕೂದಲು ಸುತ್ತಿದ ಕರಿಯ ಉಂಡೆ ಬಿತ್ತು ಎಂದು ತೋರಿಸಿದನಂತೆ. ಅಜ್ಜಿಗೆ ಸಮಾಧಾನವಾಯಿತು, ಅತ್ತೆ ಅಲ್ಲಿಂದ ಬಂದವಳು ಎದ್ದು ಕೂರಲಾರದ ಹಾಗಾದಳು. ಹೊಟ್ಟೆಯಲ್ಲೂ ನೀರು ತುಂಬಿತು. ಚಿಕ್ಕಿ ನಮ್ಮ ಮನೆಗೆ ಬರುವುದು ನಿಂತಿತು. ಕೇರಿಯ ಯಾವ ಮನೆಯವರೂ ಆಯಿಯನ್ನು ಬಡಿಸಲು ಕರೆಯಲಿಲ್ಲ. ನನ್ನ ಜೊತೆ ಆಡುವ ಹುಡುಗಿಯರು ನಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟರು, ಬಾಯಾರಿದರೆ ಓಡಿ ತಮ್ಮ ಮನೆಗೆ ಹೋಗಿ ಕುಡಿದು ಬರುತ್ತಿದ್ದರು. ಅವರಲ್ಲಿ ಒಬ್ಬಳಿಗೂ ನನ್ನ ಮೇಲೆ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಶಾಲೆಗೆ ರಜೆ ಇತ್ತು. ಅಜ್ಜಿ ಒಂದು ಬೆಳಿಗ್ಗೆ ನನ್ನನ್ನೂ ಕಟ್ಟಿಕೊಂಡು ಮೀನಿನ ಬುಟ್ಟಿಯೊಂದಿಗೆ ಭಟ್ಕಳದ ಬಸ್ಸು ಹತ್ತಿದಳು. ಜಾಲಿಯಲ್ಲಿ ಅವಳ ಕಾಯಂ ಮನೆಗಳಿದ್ದವು. ಅದರಲ್ಲೊಂದು ಜೈನಬಿಯವರ ಮನೆ. ಅವರ ಗಂಡುಮಕ್ಕಳು ದುಬೈಯಲ್ಲಿದ್ದರು, ಮನೆಯೊಳಗೆ ಭಟ್ಕಳದ ಮುಸಲ್ಮಾನರ ನವಾಯತಿ ಮಾತು, ಅಜ್ಜಿಯೊಡನೆ ಕನ್ನಡ. ಅಜ್ಜಿಗೂ ಅವರಿಗೂ ಬೆಲೆಯ ಮೇಲೆ ಪ್ರತಿ ಸಲ ಜಗಳ, ಜಗಳ ಮುಗಿದ ಮೇಲೆ ಪ್ರತಿ ಸಲ ಚಹ. ಆ ದಿನ ಅಜ್ಜಿ ಜಗಳಕ್ಕೆ ನಿಲ್ಲದೆ ಕೇಳಿದ ಬೆಲೆಗೆ ಕೊಟ್ಟುಬಿಟ್ಟಳು. ಜೈನಬಿ ಕೈಯಲ್ಲಿದ್ದ ಮೀನನ್ನು ವಾಪಸು ಬುಟ್ಟಿಗೆ ಹಾಕಿದರು.

“ಎಂತ ಆಯ್ತು ಮಾಸ್ತಮ್ಮ? ನೀನು ಜಗಳ ಮಾಡ್ದೆ ಕೊಟ್ರೆ ನಂಗೆ ಈ ಮೀನು ತಿನ್ಲಿಕ್ಕೆ ಹೆದ್ರಿಕೆ ಆಗ್ತದೆ.”

ಅಜ್ಜಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು. ಮಗಳ ಬಾವು, ನೊರೆ, ಸೊಸೆಯ ಮದ್ದು, ಕರಿಯ ಉಂಡೆ. ಜೈನಬಿ ಮದ್ದಿನ ಕತೆಯನ್ನು ಅರ್ಧಕ್ಕೇ ತುಂಡರಿಸಿದರು.

“ಅದು ಇರ್ಲಿ. ನಿನ್ನ ಮಗ್ಳು ಮುಖಕ್ಕೆ ಎಂತ ಹಚ್ತಾಳೆ? ಮೊದ್ಲು ಅದು ಹೇಳು.”

ಅಜ್ಜಿ ಹೇಳಲಿಲ್ಲ, ನಾನು ಹೇಳಿದೆ. ಬಂಗಾರದ ಮುಚ್ಚಳ, ಚಂದ್ರ. ಜೈನಬಿ ಒಳಗೆ ಹೋಗಿ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಅವರ ಸೊಸೆ. ಅವಳ ಮುಖದಲ್ಲಿ ಬಾವು ಇಳಿದ ಮೇಲೆ ಉಳಿಯುವ ಒಂದು ಸಡಿಲು ಇತ್ತು. ಅವಳೂ ಇಂಥದೇ ಒಂದನ್ನು ಹಚ್ಚಿಕೊಳ್ಳುತ್ತಿದ್ದಳಂತೆ, ಬಾವು ಬಂದು ಮಂಗಳೂರಿನ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಮಲಗಿದ್ದಳಂತೆ, ಮೈಗೆ ಹಚ್ಚುವುದನ್ನೆಲ್ಲ ತನ್ನಿ ಎಂದು ಅಲ್ಲಿಯ ಡಾಕ್ಟರು ತರಿಸಿ ನೋಡಿದರಂತೆ.

“ಮದ್ದೂ ಇಲ್ಲ ಗಿದ್ದೂ ಇಲ್ಲ,” ಎಂದರು ಜೈನಬಿ. “ಆ ಡಬ್ಬಿ ತಗೊಂಡು ಮಗ್ಳನ್ನ ಅಲ್ಲಿಗೆ ಕರ್ಕೊಂಡು ಹೋಗು. ಇವತ್ತೇ ಹೋಗು. ಸೊಸೆಗೆ ಆಮೇಲೆ ಬೈಯ್ಲಿಕ್ಕೆ ಆಯುಷ್ಯ ಅದೆ ನಿಂಗೆ.”

ಅರ್ಧ ಬುಟ್ಟಿ ಮೀನು ಹಾಗೇ ಉಳಿದಿತ್ತು. ಅಜ್ಜಿ ಬೇರೆ ಮನೆಗಳಿಗೆ ಹೋಗದೆ ಬಸ್ಸು ಹತ್ತಿದಳು. ಮನೆಗೆ ಬಂದವಳು ಕಾಲು ತೊಳೆಯದೆ ಕತ್ತಲೆ ಕೋಣೆಗೆ ಹೋಗಿ ಗೂಡಿನಿಂದ ಡಬ್ಬಿ ತೆಗೆದಳು. ಇದನ್ನು ಯಾರು ಹಚ್ಚುತ್ತಾರೆ ಎಂದು ಅತ್ತೆಯನ್ನು ಕೇಳಿದಳು. ಅತ್ತಿಗೆ ಎಂದಳು ಅತ್ತೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದ ಆಯಿಯ ಕಡೆ ತಿರುಗುವುದನ್ನು ನೋಡಿ, ಅಷ್ಟು ದಿನ ಬಾಯಿಬಿಡದ ಅತ್ತೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು.

“ನಾನೇ ಹಚ್ಚು ಅಂದೆ.”

ದೊಡ್ಡ ಆಸ್ಪತ್ರೆಯಲ್ಲಿ ಡಬ್ಬಿಯನ್ನು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಒಬ್ಬರು ಲೇಡಿ ಡಾಕ್ಟರು ಅಪ್ಪ ಮತ್ತು ಆಯಿಯನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಇದರಲ್ಲಿ ಪಾದರಸ ಇದೆ. ಚರ್ಮ ಬೆಳ್ಳಗಾಗಲಿ ಎಂದು ಹಾಕುತ್ತಾರೆ, ಹಾಕಿದ್ದೇವೆ ಎಂದು ಬರೆಯುವುದಿಲ್ಲ. ಬಾಯಿಯಿಂದಲೇ ಹೋಗಬೇಕೆಂದಿಲ್ಲ, ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಇಳಿದು ಕಿಡ್ನಿ ಕೆಡಿಸುತ್ತದೆ. ಹಚ್ಚುವುದನ್ನು ನಿಲ್ಲಿಸಿ ಬೇಗ ಬಂದಿದ್ದರೆ ಪೂರ್ತಿ ಸುಧಾರಿಸಬಹುದಿತ್ತು ಎಂದು ಹೇಳುವಾಗ ಅವರ ಕಣ್ಣು ಆಯಿಯ ಬೆರಳಿನ ಮೇಲೆ ನಿಂತಿತಂತೆ. ಹಚ್ಚುತ್ತಿದ್ದದ್ದು ನೀವೇ ಅಲ್ಲವೇ, ಪಾದರಸ ತಾಗಿದರೆ ಬಂಗಾರ ಹೀಗೇ ಬೆಳ್ಳಗಾಗುತ್ತದೆ ಎಂದರಂತೆ. ಇದನ್ನು ಅಪ್ಪ ಮನೆಗೆ ಬಂದು ಅಜ್ಜಿಗೆ ಹೇಳಿದ. ತನ್ನ ಹೆಂಡತಿ ನಿರಪರಾಧಿ ಎಂದು ಸಾರುವುದಕ್ಕಾಗಿಯೇ ಹೇಳಿದ. ಆಯಿ ಆಗಲೇ ಉಂಗುರ ತೆಗೆದುಬಿಟ್ಟಿದ್ದಳು, ಅದನ್ನು ಮತ್ತೆ ಯಾರೂ ಕಾಣಲಿಲ್ಲ.

ಅತ್ತೆ ಬದುಕಿ ಬಂದಳು. ಬಾವು ಇಳಿಯಿತು, ಮುಖ ತನ್ನ ಹಳೆಯ ಬಣ್ಣಕ್ಕೆ, ಅದಕ್ಕಿಂತ ಸ್ವಲ್ಪ ಹೆಚ್ಚೇ ಕಪ್ಪಿಗೆ ಮರಳಿತು. ಕಿಡ್ನಿ ಮಾತ್ರ ಮೊದಲಿನ ಹಾಗಾಗಲಿಲ್ಲ. ಕುಮಟೆಯವರು ಬೇರೆಯವರ ಬಾಯಲ್ಲಿ ಬೇಡ ಎಂದು ಹೇಳಿ ಕಳಿಸಿದರು. ಅವಳು ಮನೆಗೆ ಬಂದ ದಿನ ಎಲ್ಲರೂ ಊಟಕ್ಕೆ ಕೂತೆವು. ಅಜ್ಜಿ ಎಲ್ಲರಿಗಿಂತ ಮುಂದೆ, ಆಯಿಯ ಸೌಟಿಗೆ ಎಟಕುವ ಹಾಗೆ ತನ್ನ ಬಟ್ಟಲು ಇಟ್ಟು ಕೂತಳು. ತಪ್ಪಾಯಿತು ಎಂಬ ಮಾತು ನಮ್ಮ ಅಜ್ಜಿಯ ಬಾಯಲ್ಲಿ ಬರುವಂಥದ್ದಲ್ಲ, ಆ ಬಟ್ಟಲೇ ಅವಳ ತಪ್ಪೊಪ್ಪಿಗೆ.

“ಹಾಕು, ಪಾರ್ವತಿ. ನಂಗೆ ಮೊದ್ಲು ಹಾಕು.”

ಆಯಿ ತಪ್ಪಲೆಯನ್ನು ತಂದು ನೆಲಕ್ಕಿಟ್ಟಳು. ಸೌಟು ಒಳಗೆ ಇಳಿಬಿಟ್ಟಳು. ಹಾಕ್ಕಣಿ ಎಂದು ಹೇಳಿ ಹೊಸಿಲಿನಾಚೆ ಹೋಗಿ ನಿಂತಳು. ಸಿಟ್ಟು ಎಂದರು ಎಲ್ಲರೂ. ಇಳಿಯುತ್ತದೆ ಎಂದರು. ಅಜ್ಜಿ ಸಾಯುವವರೆಗೆ ದಿನಾ ಬಟ್ಟಲನ್ನು ಮುಂದಕ್ಕೆ ಇಟ್ಟು ಸ್ವಲ್ಪ ಹೊತ್ತು ಕಾದು, ಆಮೇಲೆ ತಾನೇ ಹಾಕಿಕೊಂಡು ಉಂಡಳು.

ನಾನೂ ಸಿಟ್ಟೆಂದೇ ತಿಳಿದಿದ್ದೆ. ಒಳಗೊಳಗೇ ನನಗೆ ಅದರ ಹೆಮ್ಮೆಯೂ ಇತ್ತು. ನನ್ನ ಮಗಳಿಗೆ ಮೊದಲ ಅನ್ನ ಉಣ್ಣಿಸುವ ದಿನ ಮಗುವನ್ನು ಆಯಿಯ ತೊಡೆಯ ಮೇಲೆ ಕೂರಿಸಿ, ನೀನೇ ಉಣ್ಣಿಸಬೇಕು, ಅಜ್ಜಿಯ ಮೇಲಿನ ಸಿಟ್ಟನ್ನು ಮೊಮ್ಮಗಳ ಮೇಲೆ ಯಾಕೆ ಹಾಕುತ್ತೀ ಎಂದೆ. ಆಯಿ ಮಗುವಿನ ಕೆನ್ನೆಯನ್ನು ತನ್ನ ಮೊಣಕೈಯಿಂದ ಸವರಿದಳು, ಬೆರಳಿನಿಂದಲ್ಲ.

“ಸಿಟ್ಟು ಎಂತಕ್ಕೆ? ನಿನ್ನ ಅಜ್ಜಿ ಹೇಳಿದ್ದು ಸುಳ್ಳಲ್ಲ. ಒಳಗೆ ಹೋದದ್ದು ನನ್ನ ಕೈಯಿಂದ್ಲೇ ಅಲ್ದನೇ?”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಳೆಯ ಥರ್ಮಾಮೀಟರು ಒಡೆದು ಮೇಜಿನ ಮೇಲೆ ಓಡುವ ಬೆಳ್ಳಿಯ ಮಣಿಗಳನ್ನು ಕಂಡ ಮಕ್ಕಳು ಮುಟ್ಟಲು ಹಾತೊರೆಯುತ್ತಾರೆ, ಅಷ್ಟು ಚಂದ ಅದು. ಪಾದರಸ ಮಾಡಿದ್ದನ್ನು ಪಾದರಸದ ಲೆಕ್ಕಕ್ಕೆ ಬರೆಯಬೇಕು ಎಂದು ನಾನು ಆಯಿಗೆ ಬಗೆಬಗೆಯಾಗಿ ಹೇಳಿದೆ. ಅವಳು ತಲೆಯಾಡಿಸಿ ಕೇಳುತ್ತಾಳೆ. ಒಮ್ಮೆ ನನ್ನ ಮಗಳು ಮೊಬೈಲಿನಲ್ಲಿ ನೋಡಿ ಏನೋ ಸೀರಮ್ ತರಿಸಿದ್ದಳು. ಆಯಿ ಆ ಬಾಟಲಿಯನ್ನು ಸೆರಗಿನಿಂದ ಹಿಡಿದು, ಇದರೊಳಗೆ ಎಂತ ಅದೆ ಓದು ಎಂದಳು. ಮಗಳು ಬಾಯಿ ತಿರುಗದ ಹೆಸರುಗಳನ್ನೆಲ್ಲ ಸಹಸ್ರನಾಮದ ಹಾಗೆ ಓದಿದಳು. ಪಾದರಸ ಅದೆಯೋ ಎಂದು ಆಯಿ ಕೇಳಿದಳು. ಇಲ್ಲ ಅಜ್ಜಿ, ಎಲ್ಲೂ ಬರೆದಿಲ್ಲ ಎಂದು ಮಗಳು ನಕ್ಕಳು.

“ನಮ್ದ್ರ ಮೇಲೂ ಬರ್ದಿರ್ಲಿಲ್ಲ,” ಎಂದಳು ಆಯಿ.

ಹೋದ ಮಳೆಗಾಲದ ಮೊದಲು ಲಲಿತತ್ತೆಯ ಉಳಿದ ಅಷ್ಟಿಷ್ಟು ಕಿಡ್ನಿಯೂ ಕೈಬಿಟ್ಟಿತು. ಡಯಾಲಿಸಿಸ್‌ಗೆ ಹೊನ್ನಾವರಕ್ಕೆ ಹೋಗಿ ಬರುತ್ತಿದ್ದವಳು, ಇನ್ನು ಸಾಕು, ಮನೆಯಲ್ಲಿ ಇರುತ್ತೇನೆ ಎಂದಳು. ಅದೇ ಕೋಣೆ, ಅದೇ ಕಿಟಕಿ, ಚಾಪೆಯ ಬದಲು ಈಗ ಮಂಚ. ನಾನು ರಜೆ ಹಾಕಿ ಹೋಗಿದ್ದೆ. ಒಂದು ಮಧ್ಯಾಹ್ನ ಗಂಜಿ ಆರಿಸಿ ಅವಳ ಬಾಯಿಗೆ ಚಮಚ ಹಿಡಿದೆ. ಅತ್ತೆ ಮುಖ ತಿರುಗಿಸಿದಳು. ಅವಳ ದನಿ ಆಗಲೇ ಇಳಿದುಹೋಗಿತ್ತು.

“ಅತ್ತಿಗೆ ಕೊಡ್ಲಿ.”

ಹೊಸಿಲಿನಾಚೆ ನಿಂತಿದ್ದ ಆಯಿ ಅಲ್ಲಾಡಲಿಲ್ಲ. ಅತ್ತೆ ಚಮಚಕ್ಕೆ ಬಾಯಿ ತೆರೆಯದೆ ಬಾಗಿಲ ಕಡೆ ನೋಡುತ್ತಾ ಮಲಗಿದಳು. ನಾನು ಬಟ್ಟಲನ್ನು ಮಂಚದ ಬದಿಯ ಸ್ಟೂಲಿನ ಮೇಲಿಟ್ಟು ಎದ್ದೆ. ಎಷ್ಟೋ ಹೊತ್ತಿನ ಮೇಲೆ ಆಯಿ ಹಿತ್ತಲಿಗೆ ಹೋಗಿ ಕೈ ತೊಳೆದಳು, ಮತ್ತೂ ತೊಳೆದಳು, ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ಚಮಚದಲ್ಲಿ ಗಂಜಿ ತೆಗೆದಳು. ಅದು ಅತ್ತೆಯ ಬಾಯಿಯ ಹತ್ತಿರ ಹೋಗಿ, ಅಲ್ಲಿಂದ ತಿರುಗಿ, ಆಯಿಯ ಬಾಯಿಗೇ ಹೋಯಿತು. ಯಾರೂ ಹೇಳಿರಲಿಲ್ಲ. ಹೇಳುವ ಅಜ್ಜಿ ಸತ್ತು ಯಾವ ಕಾಲವಾಗಿತ್ತು. ಆಯಿ ನುಂಗಿದಳು. ಆಮೇಲೆ ಹಲ್ಲಿಲ್ಲದ ಬಾಯಿಯನ್ನು ಅಗಲವಾಗಿ ತೆರೆದು ಅತ್ತೆಯ ಮುಖದ ಮುಂದೆ ಹಿಡಿದು ಕೂತಳು.

ಅತ್ತೆ ತನ್ನ ಎಲುಬಾದ ಕೈಯನ್ನು ಎತ್ತಿ ಆಯಿಯ ಗದ್ದದ ಕೆಳಗೆ ಇಟ್ಟು, ಆ ಬಾಯಿಯನ್ನು ಮೆಲ್ಲಗೆ ಮುಚ್ಚಿದಳು.

“ತೋರ್ಸೂದು ಬೇಡ, ಅತ್ತಿಗೆ.”

ಆಯಿ ಚಮಚವನ್ನು ಮತ್ತೆ ಬಟ್ಟಲಿಗೆ ಅದ್ದಿದಳು. ಅವಳು ಬಟ್ಟಲಿನ ಕಡೆ ನೋಡುತ್ತಿರಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದಳು.